ಗಣಕಯಂತ್ರ ಏಳದಿದ್ದಾಗ



ಕನ್ನಡ ಪಂಡಿತನೊಬ್ಬ ಗಣಕಯಂತ್ರದ ಕಾಯಿಲೆಯ ಮಾತೆತ್ತಿದರೆ ಕೇಳುವವರಿಗೆ ನಗು ಬರುವುದು ಸಹಜ. ಸಂಧಿ ಸಮಾಸಗಳನ್ನು ಕಲಿಸಿಕೊಂಡಿರಬೇಕಾದವನಿಗೆ ಈ ವೈದ್ಯ ಏಕೆ ಎಂದು ನೀವು ಕೇಳಬಹುದು. ನಾನು ವೈದ್ಯನಲ್ಲ, ರೋಗಿಯ ಕಡೆಯವನು. ಒಮ್ಮೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಕೈಯಾರೆ ಕಳೆದುಕೊಂಡವನು, ಮತ್ತೊಮ್ಮೆ ತಾಳ್ಮೆಯಿಂದ ಉಳಿಸಿಕೊಂಡವನು. ಆ ಎರಡು ಅನುಭವಗಳ ನಡುವೆ ಕಲಿತದ್ದನ್ನು ನಿಮ್ಮ ಮುಂದಿಡುವುದಷ್ಟೇ ಇಂದಿನ ಉದ್ದೇಶ.

ಮೊದಲು ಕಳೆದುಕೊಂಡ ಕತೆ. ಕುಂದಾಪುರದಲ್ಲಿ ನೆಲೆಸಿ ಅಧ್ಯಾಪನ ಮಾಡುತ್ತಿರುವ ನನಗೆ ನಮ್ಮ ಕಡೆಯ ಆಡುಮಾತಿನ ಶಬ್ದಗಳನ್ನು ಕೂಡಿಹಾಕುವ ಒಂದು ಚಪಲ. ಗಂಗೊಳ್ಳಿಯ ದೋಣಿಗಳ ಬಳಿ ಕೇಳಿದ್ದು, ಬ್ರಹ್ಮಾವರದ ಸಂತೆಯಲ್ಲಿ ಕಿವಿಗೆ ಬಿದ್ದದ್ದು, ಬೈಂದೂರಿನ ಆಚೆ ನಾಟಿ ಮಾಡುತ್ತಿದ್ದ ಒಬ್ಬ ಅಜ್ಜಿ ಗದ್ದೆಯ ಅಂಚಿನಲ್ಲಿ ಕೂತು ಹೇಳಿದ್ದು, ಹೀಗೆ ಎಂಟು ವರ್ಷ ಸಂಗ್ರಹಿಸಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆ. ಯಂತ್ರದಲ್ಲಿ ಮೊದಲಿಗೆ ಇದ್ದದ್ದು ವಿಂಡೋಸ್ ಎಂಬ ಕಾರ್ಯವ್ಯವಸ್ಥೆ. ಇಂಜಿನಿಯರಿಂಗ್ ಓದುತ್ತಿದ್ದ ಮಗ ಅದರ ಪಕ್ಕದಲ್ಲಿಯೇ ಲಿನಕ್ಸ್ ಎಂಬ ಇನ್ನೊಂದನ್ನು ಹಾಕಿ ಹೋಗಿದ್ದ.

2017ರ ಒಂದು ಸಂಜೆ ವಿಂಡೋಸಿನಲ್ಲಿ ಡಿಸ್ಕಿನ ಭಾಗಗಳ ಪಟ್ಟಿಯನ್ನು ತೆರೆದು ನೋಡಿದೆ. ಸಿ ಎಂದು ಒಂದು ಭಾಗ, ಡಿ ಎಂದು ಒಂದು ಭಾಗ. ಇನ್ನೊಂದಕ್ಕೆ ಅಕ್ಷರವೂ ಇಲ್ಲ, ಹೆಸರೂ ಇಲ್ಲ. ಹೆಸರಿಲ್ಲದ್ದು ಪಾಳುಬಿದ್ದ ಜಾಗವಿರಬೇಕೆಂದು ತಿಳಿದು ಅಳಿಸಿಬಿಟ್ಟೆ. ಮಾರನೆಯ ಬೆಳಿಗ್ಗೆ ಯಂತ್ರ ಏಳಲಿಲ್ಲ. ಕರಿಯ ತೆರೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಎರಡು ಮಾತು ಮಾತ್ರ ಮಿನುಗುತ್ತಿದ್ದವು.

ರಿಪೇರಿಯ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಹುಡುಗ ನೋಡಿ, "ಫಾರ್ಮ್ಯಾಟ್ ಮಾಡಬೇಕು, ಒಳಗೆ ಬೇಕಾದ್ದು ಏನಾದರೂ ಉಂಟೋ?" ಎಂದು ಕೇಳಿದ. ಏಳದ ಯಂತ್ರದಲ್ಲಿ ಇನ್ನೇನು ಉಳಿದಿರಲು ಸಾಧ್ಯ ಎಂದು ನಿಟ್ಟುಸಿರು ಬಿಟ್ಟು, "ಇತ್ತು ಮಾರಾಯಾ, ಇನ್ನೆಲ್ಲಿಯದು? ಮಾಡು" ಎಂದೆ. ಅವನು ಮಾಡಿದ. ಶಬ್ದಸಂಗ್ರಹ ಹೋಯಿತು. ಹುಡುಗನ ತಪ್ಪು ಅದರಲ್ಲಿ ಇಲ್ಲ, ಕೇಳಿಯೇ ಮಾಡಿದ್ದಾನೆ. ತಪ್ಪು ಇದ್ದದ್ದು ನನ್ನ ಆ ಒಂದು 'ಇತ್ತು' ಎಂಬ ಭೂತಕಾಲದಲ್ಲಿ. ಬಹುಕಾಲದ ಮೇಲೆ ತಿಳಿಯಿತು: ನಾನು ಅಳಿಸಿದ್ದು ಲಿನಕ್ಸಿನ ಭಾಗವನ್ನು. ನನ್ನ ಶಬ್ದಗಳು ಡಿ ಎಂಬ ಭಾಗದಲ್ಲಿ ಒಂದು ಕೂದಲೂ ಕೊಂಕದೆ ಕೂತಿದ್ದವು. ಹಾಳಾಗಿದ್ದದ್ದು ಹೆಬ್ಬಾಗಿಲು, ನಾವಿಬ್ಬರೂ ಸೇರಿ ಕೆಡವಿದ್ದು ಮನೆ. ಬೈಂದೂರಿನ ಆ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಆದ ಕಾರಣ ಇಂದು ನಾನು ಹೇಳುವ ಮಾತಿನ ತಿರುಳು ಒಂದೇ. ಯಂತ್ರ ಏಳಲಿಲ್ಲವೆಂದ ಮಾತ್ರಕ್ಕೆ ಒಳಗಿನದು ನಾಶವಾಯಿತೆಂದು ತಿಳಿಯಬಾರದು. ಎಲ್ಲಿ ನಿಂತಿತು ಎಂಬುದನ್ನು ಮೊದಲು ನೋಡಬೇಕು. ಅಳಿಸಲು ಒಪ್ಪಿಗೆ ಕೊಡುವುದು ಕೊನೆಯ ಮಾತು.

ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆ ಏಕೆ ಎಂದು ಕೆಲವರಾದರೂ ಕೇಳಿಯಾರು. ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು. ಅದನ್ನು ಯಾರೂ ಹಣ ಕೊಡದೆ ಪಡೆಯಬಹುದು, ನೆರೆಯವರಿಗೆ ಹಂಚಬಹುದು, ಬಲ್ಲವರು ತಿದ್ದಲೂಬಹುದು. ನಮ್ಮ ನೆರೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಕೇರಳ ಸರಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿಕೊಟ್ಟ ಲಿನಕ್ಸಿನಲ್ಲಿಯೇ ಕಲಿಯುತ್ತಾರೆ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್ ಅವರು, ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಿಂದ ಸಿಗುತ್ತದೆ. ಮೇಲಾಗಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಅದರ ತಯಾರಕರ ಸಾಮಾನ್ಯ ಪೋಷಣೆ ಕೊನೆಗೊಂಡಿತು. ಹನ್ನೊಂದನೆಯ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳು ಮನೆಮನೆಯಲ್ಲಿ ಉಳಿದಿವೆ. ಅವುಗಳಲ್ಲಿ ಲಿನಕ್ಸ್ ಹಾಕಿಕೊಳ್ಳುವವರು, ಹಾಗೆಂದು ಕಚೇರಿಯ ಕೆಲಸಕ್ಕೆ ಬೇಕಾದ ವಿಂಡೋಸನ್ನೂ ಬಿಡಲಾರದವರು, ಎರಡನ್ನೂ ಇಟ್ಟುಕೊಳ್ಳುತ್ತಾರೆ. ಒಂದು ಹಿತ್ತಲಲ್ಲಿ ಎರಡು ಬಿಡಾರ. ಬಾಗಿಲು ಮಾತ್ರ ಒಂದು. ತೊಡಕು ಇರುವುದು ಆ ಬಾಗಿಲಿನಲ್ಲಿ.

ಯಂತ್ರವನ್ನು ಎಬ್ಬಿಸುವುದಕ್ಕೆ ಇಂಗ್ಲಿಷಿನಲ್ಲಿ 'ಬೂಟ್' ಎನ್ನುತ್ತಾರೆ. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಅರ್ಥದ ಹಳೆಯ ನುಡಿಗಟ್ಟಿನಿಂದ ಬಂದ ಶಬ್ದ ಅದು. ಮಲಗಿದ ಯಂತ್ರಕ್ಕೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ಆದರೂ ಅದು ಮೆಟ್ಟಿಲು ಮೆಟ್ಟಿಲಾಗಿ ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕು.

ಈ ಕ್ರಮವನ್ನು ತಿಳಿಯಲು ನನಗೆ ನೆರವಾದದ್ದು ಸಂಸ್ಕೃತ ನಾಟಕ. ಅಲ್ಲಿ ಮೊದಲು ನಾಂದಿ. ಬಳಿಕ ಸೂತ್ರಧಾರ ರಂಗಕ್ಕೆ ಬಂದು ಇಂದು ಆಡುವ ನಾಟಕ ಯಾವುದೆಂದು ಸಾರುತ್ತಾನೆ. ಸಾರಿ ಹೊರಟುಹೋಗುತ್ತಾನೆ, ಪಾತ್ರಗಳು ಬರುತ್ತವೆ. ಗಣಕಯಂತ್ರದಲ್ಲಿ ಗುಂಡಿ ಒತ್ತಿದೊಡನೆ ಎಚ್ಚರವಾಗುವ ಫರ್ಮ್‌ವೇರ್ ನಾಂದಿಯನ್ನು ಹಾಡುತ್ತದೆ, ಎಂದರೆ ತನ್ನ ಅಂಗಾಂಗಗಳನ್ನು ತಪಾಸಣೆ ಮಾಡಿಕೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಚಿನವುಗಳಲ್ಲಿ ಯುಇಎಫ್ಐ. ಅದು ಸೂತ್ರಧಾರನನ್ನು ಕರೆಯುತ್ತದೆ. ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಸಾಮಾನ್ಯವಾಗಿ ಆ ಸೂತ್ರಧಾರನ ಹೆಸರು ಗ್ರಬ್. 1995ರಲ್ಲಿ ಹುಟ್ಟಿದ ತಂತ್ರಾಂಶ ಅದು. 'ಉಬುಂಟು ಬೇಕೋ, ವಿಂಡೋಸ್ ಬೇಕೋ' ಎಂಬ ಪಟ್ಟಿಯನ್ನು ತೋರಿಸಿ, ನೀವು ಆರಿಸಿದ ವ್ಯವಸ್ಥೆಯ ಕೈಗೆ ರಂಗವನ್ನು ಒಪ್ಪಿಸಿ, ತಾನು ಮರೆಯಾಗುತ್ತದೆ. ಇದು ನಮ್ಮ ಕಡೆಯ ಯಕ್ಷಗಾನದ ಜೋಡಾಟದಂತೆ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಏಕಕಾಲಕ್ಕೆ ಕುಣಿಯುವುದಲ್ಲ. ಇಲ್ಲಿರುವುದು ಒಂದೇ ರಂಗಸ್ಥಳ. ಒಂದು ಹೊತ್ತಿಗೆ ಒಂದೇ ಮೇಳ.

ಕಾಳಿದಾಸನ ಶಾಕುಂತಲದ ಪ್ರಸ್ತಾವನೆ ನಿಮಗೆ ನೆನಪಿರಬಹುದು. ನಟಿಯ ಗಾನಕ್ಕೆ ಮನಸೋತ ಸೂತ್ರಧಾರನಿಗೆ ಆಡಬೇಕಾದ ನಾಟಕ ಯಾವುದೆಂಬುದೇ ಮರೆತುಹೋಗುತ್ತದೆ. ನಟಿ ನೆನಪು ಮಾಡಿಕೊಡುತ್ತಾಳೆ. ನಾಟಕ ಮುಂದೆ ಸಾಗುತ್ತದೆ. ಸೂತ್ರಧಾರ ಮರೆತನೆಂದು ಯಾರೂ ರಂಗಮಂದಿರವನ್ನು ಕೆಡವಲಿಲ್ಲ, ಶಕುಂತಲೆಯೂ ಸಾಯಲಿಲ್ಲ. ಯಂತ್ರ ಏಳದೆ ಹೋದಾಗಲೂ ಬಹುಪಾಲು ಆಗಿರುವುದು ಇಂಥ ಮರೆವು. ನಾವು ಮಾಡಬೇಕಾದದ್ದು ನಟಿಯ ಕೆಲಸ.

ಈಗ ಒಂದೊಂದೇ ಮೆಟ್ಟಿಲನ್ನು ನೋಡೋಣ.

ಗುಂಡಿ ಒತ್ತಿದರೆ ದೀಪವೇ ಹತ್ತದಿದ್ದರೆ, ತಯಾರಕರ ಲಾಂಛನವೂ ಕಾಣದಿದ್ದರೆ, ಅಥವಾ ಯಂತ್ರ ಬೀಪ್ ಬೀಪ್ ಎಂದು ಕೂಗಿದರೆ, ನಾಂದಿಯೇ ಆಗಿಲ್ಲವೆಂದು ಅರ್ಥ. ಅದು ಲಿನಕ್ಸಿನ ದೋಷವೂ ಅಲ್ಲ, ವಿಂಡೋಸಿನ ದೋಷವೂ ಅಲ್ಲ. ವಿದ್ಯುತ್ತು, ಬ್ಯಾಟರಿ, ಸ್ಮೃತಿಫಲಕ ಇವುಗಳ ಕಡೆ ನೋಡಬೇಕು. ಕಡಲ ಗಾಳಿಯ ನಮ್ಮ ಊರುಗಳಲ್ಲಿ ಲೋಹದ ಸಂಪರ್ಕಗಳು ಬೇಗ ಮಂಕಾಗುತ್ತವೆ. ಬಲ್ಲವರಿಂದ ಬಿಚ್ಚಿಸಿ ಶುಚಿ ಮಾಡಿಸಿದರೆ ಸರಿಹೋಗುವುದುಂಟು. ಇಂಥ ದೋಷಕ್ಕೆ ಫಾರ್ಮ್ಯಾಟ್ ಮದ್ದೇ ಅಲ್ಲ. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಶಬ್ದ ಬರುತ್ತಿದ್ದರೆ ಮಾತ್ರ ಯಂತ್ರವನ್ನು ಮತ್ತೆ ಮತ್ತೆ ಎಬ್ಬಿಸಲು ಹೋಗಬೇಡಿ. ಆ ಡಿಸ್ಕು ಕೊನೆಯುಸಿರು ಎಳೆಯುತ್ತಿರಬಹುದು. ಅದರೊಳಗಿನದನ್ನು ಬೇರೆಡೆಗೆ ಪ್ರತಿ ಮಾಡಿಸುವುದೇ ಮೊದಲ ಕೆಲಸ.

ಲಾಂಛನ ಬಂದು, ಆಯ್ಕೆಯ ಪಟ್ಟಿ ಕಾಣದೆ, ಯಂತ್ರ ನೆಟ್ಟಗೆ ವಿಂಡೋಸಿಗೆ ಹೋದರೆ ಬೇರೊಂದು ಬಗೆ. ಲಿನಕ್ಸ್ ಅಳಿಸಿಹೋಯಿತೆಂದು ಜನ ಗಾಬರಿಯಾಗುವುದು ಇಲ್ಲಿಯೇ. ಈಚಿನ ಯಂತ್ರಗಳಲ್ಲಿ ಡಿಸ್ಕಿನ ಒಂದು ಪುಟ್ಟ ಭಾಗವನ್ನು ಎಬ್ಬಿಸುವ ಕೆಲಸಕ್ಕೆಂದೇ ಮೀಸಲಿಟ್ಟಿರುತ್ತಾರೆ. ವಿಂಡೋಸನ್ನು ಹಾಕುವಾಗ ಅದು ಸಾಮಾನ್ಯವಾಗಿ 100 ಮೆಗಾಬೈಟಿನಷ್ಟಿರುತ್ತದೆ. ಅದರಲ್ಲಿ ಎರಡೂ ವ್ಯವಸ್ಥೆಗಳ ಸೂತ್ರಧಾರರು ಪಕ್ಕಪಕ್ಕದಲ್ಲಿ ಇರುತ್ತಾರೆ. ಯಾರನ್ನು ಮೊದಲು ಕರೆಯಬೇಕೆಂಬ ಸರದಿಯನ್ನು ಫರ್ಮ್‌ವೇರ್ ಬರೆದುಕೊಂಡಿರುತ್ತದೆ. ವಿಂಡೋಸಿನ ದೊಡ್ಡ ನವೀಕರಣವಾದಾಗ, ಅಥವಾ ಫರ್ಮ್‌ವೇರನ್ನು ಮೊದಲ ಸ್ಥಿತಿಗೆ ತಂದಾಗ, ಆ ಸರದಿ ಹಿಂದುಮುಂದಾಗುವುದುಂಟು. ಗುಂಡಿ ಒತ್ತಿದ ಕ್ಷಣದಲ್ಲಿ ಎಫ್ 2, ಎಫ್ 12, ಎಸ್ಕೇಪ್ ಅಥವಾ ಡಿಲೀಟ್ ಎಂಬ ಕೀಲಿಯನ್ನು ಒತ್ತಿದರೆ ಸರದಿಯ ಪಟ್ಟಿ ತೆರೆಯುತ್ತದೆ. ಯಾವ ಕೀಲಿ ಎಂಬುದು ತಯಾರಕರನ್ನು ಹೊಂದಿಕೊಂಡಿದೆ. ಅಲ್ಲಿ ಉಬುಂಟು ಎಂಬ ಹೆಸರು ಕಂಡರೆ ಅದನ್ನು ಮೇಲಕ್ಕೆ ತಂದು ಉಳಿಸಿ ಹೊರಬನ್ನಿ. ಚಿಕಿತ್ಸೆ ಅಷ್ಟೇ.

ಹಳೆಯ ಬಯೋಸ್ ಯಂತ್ರಗಳ ಕ್ರಮ ಇದಕ್ಕಿಂತ ಇಕ್ಕಟ್ಟಿನದು. ಅಲ್ಲಿ ಡಿಸ್ಕಿನ ಮೊದಲ ತುಣುಕು ಕೇವಲ 512 ಬೈಟು. ಅದರಲ್ಲಿ 64 ಬೈಟು ಡಿಸ್ಕಿನ ಭಾಗಗಳ ಪಟ್ಟಿಗೆ, 2 ಬೈಟು ಮುದ್ರೆಗೆ ಹೋಗಿ ಸೂತ್ರಧಾರನಿಗೆ ಉಳಿಯುವುದು 446. ಇಂದಿನ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಹಿಡಿಯುವುದರಿಂದ ಅಷ್ಟು ಜಾಗದಲ್ಲಿ ನೂರೈವತ್ತು ಸಂಕೇತಗಳನ್ನೂ ಬರೆಯಲಾಗದು. ಅಷ್ಟು ಕಿರಿದಾದ ಹೊಸ್ತಿಲಲ್ಲಿ ನಿಲ್ಲುವುದು ಒಬ್ಬನೇ. ವಿಂಡೋಸನ್ನು ಮತ್ತೆ ಹಾಕಿದರೆ ಅದು ಗ್ರಬ್ಬನ್ನು ಎಬ್ಬಿಸಿ ಕಳುಹಿಸಿ ತನ್ನವನನ್ನು ಅಲ್ಲಿ ಕೂರಿಸುತ್ತದೆ. ಆದುದರಿಂದ ಎರಡನ್ನೂ ಹೊಸದಾಗಿ ಹಾಕುವವರು ಮೊದಲು ವಿಂಡೋಸ್, ಅನಂತರ ಲಿನಕ್ಸ್ ಎಂಬ ಕ್ರಮವನ್ನು ಮೀರದಿರುವುದು ಲೇಸು.

ಪಟ್ಟಿ ಬಂದು ಅದರಲ್ಲಿ ವಿಂಡೋಸಿನ ಹೆಸರೇ ಇಲ್ಲದಿರುವುದೂ ಉಂಟು. 2021ರಲ್ಲಿ ಬಂದ ಗ್ರಬ್ಬಿನ 2.06ನೆಯ ಆವೃತ್ತಿಯಿಂದ ಈಚೆಗೆ, ಪಕ್ಕದ ವ್ಯವಸ್ಥೆಗಳನ್ನು ತಾನಾಗಿ ಹುಡುಕುವ 'ಓಎಸ್ ಪ್ರೋಬರ್' ಎಂಬ ಸಾಧನವನ್ನು ಭದ್ರತೆಯ ಕಾರಣಕ್ಕಾಗಿ ಮೊದಲೇ ನಿಲ್ಲಿಸಿರುತ್ತಾರೆ. ವಿಂಡೋಸ್ ಇದ್ದಲ್ಲಿಯೇ ಇರುತ್ತದೆ. ಸೂತ್ರಧಾರನಿಗೆ ಅದರ ಪರಿಚಯವಿಲ್ಲ, ಅಷ್ಟೆ. ಲಿನಕ್ಸಿನೊಳಗೆ ಹೋಗಿ ಗ್ರಬ್ಬಿನ ಸಂಯೋಜನೆಯ ಕಡತದಲ್ಲಿ ಆ ಸಾಧನಕ್ಕೆ ಅನುಮತಿ ಕೊಟ್ಟು, 'ಅಪ್‌ಡೇಟ್ ಗ್ರಬ್' ಎಂಬ ಆಜ್ಞೆಯನ್ನು ಕೊಟ್ಟರೆ ಹೆಸರು ಪಟ್ಟಿಗೆ ಬರುತ್ತದೆ.

ಇನ್ನು ನನ್ನ ಪಾಲಿಗೆ ಬಂದಿದ್ದ ಕರಿಯ ತೆರೆ. 'ಗ್ರಬ್' ಅಥವಾ 'ಗ್ರಬ್ ರೆಸ್ಕ್ಯೂ' ಎಂದು ಬರೆದು ಯಂತ್ರ ಕಾಯುತ್ತಿದ್ದರೆ, ಸೂತ್ರಧಾರ ರಂಗಕ್ಕೆ ಬಂದಿದ್ದಾನೆ, ಆದರೆ ಅವನ ಕೈಯ ಪುಸ್ತಕ ಕಾಣೆಯಾಗಿದೆ ಎಂದು ತಿಳಿಯಬೇಕು. ಡಿಸ್ಕಿನ ಭಾಗವೊಂದನ್ನು ಅಳಿಸಿದಾಗ ಅಥವಾ ಅಳತೆ ಬದಲಿಸಿದಾಗ ಹೀಗಾಗುತ್ತದೆ. 'ಎಲ್‌ಎಸ್' ಎಂದು ಬರೆದು ಎಂಟರ್ ಒತ್ತಿದರೆ ಅದು ತನಗೆ ಕಾಣುವ ಭಾಗಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಇಲ್ಲೊಂದು ಸ್ವಾರಸ್ಯವುಂಟು: ಗ್ರಬ್ ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಅವುಗಳ ಭಾಗಗಳನ್ನು ಒಂದರಿಂದ. ಒಂದೊಂದು ಭಾಗವನ್ನೂ ಇಣುಕಿ, ಲಿನಕ್ಸಿನ 'ಬೂಟ್' ಎಂಬ ಕೋಶವಿರುವ ಭಾಗ ಸಿಕ್ಕರೆ, 'ಸೆಟ್ ರೂಟ್', 'ಸೆಟ್ ಪ್ರಿಫಿಕ್ಸ್' ಎಂಬ ಎರಡು ಆಜ್ಞೆಗಳಿಂದ ಆ ವಿಳಾಸವನ್ನು ತಿಳಿಸಿ, 'ಇನ್ಸ್‌ಮಾಡ್ ನಾರ್ಮಲ್', ಬಳಿಕ 'ನಾರ್ಮಲ್' ಎಂದು ಬರೆದರೆ ಪಟ್ಟಿ ಬರುತ್ತದೆ. ನಟಿ ಕಿವಿಯಲ್ಲಿ ನೆನಪು ಮಾಡಿಕೊಟ್ಟದ್ದು ಇದೇ. ಲಿನಕ್ಸಿನೊಳಗೆ ಹೊಕ್ಕ ಮೇಲೆ 'ಗ್ರಬ್ ಇನ್‌ಸ್ಟಾಲ್', 'ಅಪ್‌ಡೇಟ್ ಗ್ರಬ್' ಎಂಬ ಆಜ್ಞೆಗಳಿಂದ ಅದನ್ನು ಶಾಶ್ವತವಾಗಿ ಸರಿಪಡಿಸಬೇಕು. ಲಿನಕ್ಸಿನ ಭಾಗವೇ ಅಳಿಸಿಹೋಗಿದ್ದರೂ ದಾರಿ ಇದೆ. ಹೊಸ ಯಂತ್ರಗಳಲ್ಲಿ ಸರದಿಯ ಪಟ್ಟಿಯಿಂದ ವಿಂಡೋಸನ್ನು ಆರಿಸಿದರೆ ಸಾಕು. ಹಳೆಯವುಗಳಲ್ಲಿ ವಿಂಡೋಸಿನ ದುರಸ್ತಿ ಡಿಸ್ಕಿನಿಂದ ಹೊಸ್ತಿಲ ಬರಹವನ್ನು ಮತ್ತೆ ಬರೆಸಬಹುದು. 2017ರಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ. ಐದು ನಿಮಿಷದ ಕೆಲಸ. ಅಳಿಸಿದ ಭಾಗದ ಮೇಲೆ ಹೊಸದೇನನ್ನೂ ಬರೆಯದೆ ಇದ್ದರೆ, 'ಟೆಸ್ಟ್‌ಡಿಸ್ಕ್' ಎಂಬ ಉಚಿತ ತಂತ್ರಾಂಶ ಅದನ್ನೂ ಮರಳಿ ಹುಡುಕಿಕೊಡುವುದುಂಟು.

ಕೆಲವೊಮ್ಮೆ ಸೂತ್ರಧಾರ ಸರಿಯಿದ್ದರೂ ಬಾಗಿಲ ಕಾವಲುಗಾರ ಅವನನ್ನು ಒಳಗೆ ಬಿಡುವುದಿಲ್ಲ. ಆ ಕಾವಲಿಗೆ ಸೆಕ್ಯೂರ್ ಬೂಟ್ ಎಂದು ಹೆಸರು. ಅಂಗೀಕೃತ ಮುದ್ರೆ ಇರುವ ತಂತ್ರಾಂಶವನ್ನು ಮಾತ್ರ ಅದು ಏಳಗೊಡುತ್ತದೆ. ಕಳ್ಳ ತಂತ್ರಾಂಶ ಬಾಗಿಲಲ್ಲಿಯೇ ಸೇರಿಕೊಳ್ಳಬಾರದೆಂಬ ಸದುದ್ದೇಶ. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ನವೀಕರಣವೊಂದು ಹಳೆಯ ಮುದ್ರೆಗಳನ್ನು ರದ್ದು ಮಾಡಿತು. ಎರಡು ವ್ಯವಸ್ಥೆಗಳಿದ್ದ ಯಂತ್ರಗಳಿಗೆ ಅದು ತಾಗಬಾರದಾಗಿತ್ತು, ಆದರೂ ತಾಗಿತು. ಲೋಕದ ನಾನಾ ಕಡೆ ಲಿನಕ್ಸ್ ಏಳದೆ, ಭದ್ರತಾ ನೀತಿಯ ಉಲ್ಲಂಘನೆ ಎಂಬ ಬರಹ ತೆರೆಯ ಮೇಲೆ ಕಂಡಿತು. 2025ರ ಮೇ ತಿಂಗಳ ನವೀಕರಣದಲ್ಲಿ ಅದನ್ನು ತಿದ್ದಿದರು. ಅಂಥ ಪ್ರಸಂಗದಲ್ಲಿ ಫರ್ಮ್‌ವೇರಿಗೆ ಹೋಗಿ ಕಾವಲನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸನ್ನು ಎಬ್ಬಿಸಿ, ಅದನ್ನು ನವೀಕರಿಸಿ, ಕಾವಲನ್ನು ಮತ್ತೆ ನೇಮಿಸಬೇಕು. ಆದರೆ ಒಂದು ಎಚ್ಚರಿಕೆ. ವಿಂಡೋಸಿನ ಭಾಗಕ್ಕೆ ಬಿಟ್‌ಲಾಕರ್ ಎಂಬ ಬೀಗವಿದ್ದರೆ, ಈ ಬದಲಾವಣೆಯಾದೊಡನೆ ಅದು 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳಬಹುದು. ಅದಿಲ್ಲದೆ ನಿಮ್ಮ ಮನೆಗೆ ನೀವೇ ಪರಕೀಯರು. ಯಂತ್ರ ಚೆನ್ನಾಗಿರುವಾಗಲೇ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡಿ.

ಕೊನೆಯ ಮೆಟ್ಟಿಲಿನಲ್ಲಿ, ಪಟ್ಟಿಯಿಂದ ಲಿನಕ್ಸನ್ನು ಆರಿಸಿದ ಮೇಲೆ, ನಡುದಾರಿಯಲ್ಲಿ ನಿಲ್ಲುವುದುಂಟು. ಇದಕ್ಕೆ ನಮ್ಮ ಮಳೆಗಾಲದ ಕರೆಂಟು ದೊಡ್ಡ ಕಾರಣ. ನವೀಕರಣ ನಡೆಯುತ್ತಿರುವಾಗ ವಿದ್ಯುತ್ತು ಹೋದರೆ ಹೊಸ ಕರ್ನೆಲ್, ಎಂದರೆ ವ್ಯವಸ್ಥೆಯ ಮೂಲಬೀಜ, ಅರೆಬರೆಯಾಗಿ ಕೂತಿರುತ್ತದೆ. ಗ್ರಬ್ಬಿನ ಪಟ್ಟಿಯಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬ ಸಾಲನ್ನು ತೆರೆದರೆ ಹಿಂದಿನ ಕರ್ನೆಲ್ ಸಿಗುತ್ತದೆ, ಅದರಿಂದ ಎಬ್ಬಿಸಬಹುದು. ಡಿಸ್ಕಿನ ಲೆಕ್ಕಪುಸ್ತಕವೇ ಏರುಪೇರಾಗಿದ್ದರೆ 'ಇನಿಟ್‌ರಾಮ್‌ಎಫ್ಎಸ್' ಎಂಬ ಬರಹ ಕಾಣುತ್ತದೆ. ಅದಕ್ಕೆ 'ಎಫ್ಎಸ್‌ಸಿಕೆ' ಎಂಬ ತಪಾಸಣೆಯ ಆಜ್ಞೆ ಇದೆ.

ನನ್ನ ಎರಡನೆಯ ಕತೆ ಇಲ್ಲಿಗೆ ಸೇರುತ್ತದೆ. ಸೋತ ಮೇಲೆ ಶಬ್ದಸಂಗ್ರಹವನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದೆ, ಈ ಬಾರಿ ಲಿನಕ್ಸಿನಲ್ಲಿ, ಯೂನಿಕೋಡಿನಲ್ಲಿ. 2023ರ ಮಳೆಗಾಲದ ಒಂದು ರಾತ್ರಿ ನವೀಕರಣದ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಬೆಳಿಗ್ಗೆ ನೋಡಿದರೆ ಅದೇ ಕರಿಯ ತೆರೆ. ಪ್ರತಿ ಇಟ್ಟಿದ್ದೆನಾದರೂ ಅದು ಮೂರು ತಿಂಗಳ ಹಿಂದಿನದು. ಬ್ರಹ್ಮಾವರದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. "ಮಾಷ್ಟ್ರೇ, ಎಂತದೂ ಒತ್ಬೇಡಿ. ಮೊದಲ್ ಒಂದ್ ಫೋಟೋ ತೆಗ್ದ್ ಕಳ್ಸಿ" ಎಂದ. ತೆರೆಯ ಮೇಲಿನ ಬರಹ ರೋಗಿಯ ನಾಡಿಯಂತೆ; ಅದನ್ನು ಓದದೆ ಮದ್ದು ಕೊಡಬಾರದು ಎಂಬುದು ಅವನ ಮತ.

ಭಾನುವಾರ ಬಸ್ಸಿನಲ್ಲಿ ಬಂದ. ಅಂಗಿಯ ಕಿಸೆಯಲ್ಲಿ ಒಂದು ಪೆನ್ ಡ್ರೈವು. ಅದರಲ್ಲಿ ಇಡೀ ಉಬುಂಟು ವ್ಯವಸ್ಥೆ ಇತ್ತು. ಇದು ನೀವೂ ಮಾಡಿಟ್ಟುಕೊಳ್ಳಬಹುದಾದ ಸಾಧನ. ಚೆನ್ನಾಗಿರುವ ಇನ್ನೊಂದು ಯಂತ್ರದಲ್ಲಿ ಉಬುಂಟುವಿನ ಪ್ರತಿಯನ್ನು ಇಳಿಸಿಕೊಂಡು, 8 ಗಿಗಾಬೈಟು ಅಥವಾ ಹೆಚ್ಚಿನ ಪೆನ್ ಡ್ರೈವಿಗೆ ರೂಫಸ್‌ನಂಥ ಸಾಧನದಿಂದ ಬರೆಸಬೇಕು. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ಆದುದರಿಂದ ಖಾಲಿಯಾದುದನ್ನೇ ಆರಿಸಿ. ಕಾಯಿಲೆಯ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಸರದಿಯ ಪಟ್ಟಿಯಲ್ಲಿ ಅದನ್ನು ಆರಿಸಿ, ಹಾಕುವ ಆಯ್ಕೆಯನ್ನು ಮುಟ್ಟದೆ, 'ಟ್ರೈ ಉಬುಂಟು' ಎಂಬುದನ್ನು ಒತ್ತಿದರೆ, ಡಿಸ್ಕನ್ನು ಬದಲಿಸದೆ ಯಂತ್ರ ಏಳುತ್ತದೆ. ಹೆಬ್ಬಾಗಿಲು ಮುರಿದ ಮನೆಗೆ ಹಿತ್ತಲ ಬಾಗಿಲಿನಿಂದ ಹೋದಂತೆ.

ಅವನು ಹಾಗೆ ಒಳಹೊಕ್ಕು ಕಡತಗಳ ಪಟ್ಟಿಯನ್ನು ತೆರೆದು, ನನ್ನ ಕಡೆ ತಿರುಗಿ, "ಕಾಣಿ ಮಾಷ್ಟ್ರೇ, ಎಲ್ಲ ಇತ್ತ್" ಎಂದ.

ಶ್ರೋತೃಗಳೇ, ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಗ್ರಂಥದ ಕನ್ನಡದಲ್ಲಿ 'ಇತ್ತು' ಎಂದರೆ ಹಿಂದೆ ಇದ್ದದ್ದು, ಕಳೆದುಹೋದದ್ದು. ಕುಂದಾಪುರದ ಕನ್ನಡದಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದೇ ಅರ್ಥ. ಆರು ವರ್ಷದ ಹಿಂದೆ ಅಂಗಡಿಯಲ್ಲಿ ನಾನು ಆಡಿದ್ದು ಪುಸ್ತಕದ ಮಾತು. ಅಂದು ಆಡಬೇಕಾಗಿದ್ದದ್ದು ಊರಿನ ಮಾತು.

ಅವನು ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿದ. ದುರಸ್ತಿಗೆ ಕೈಹಾಕಿದ್ದು ಅನಂತರ. ಈ ಕ್ರಮವನ್ನು ದಯವಿಟ್ಟು ನೆನಪಿಡಿ: ಮೊದಲು ಪ್ರತಿ, ಬಳಿಕ ಚಿಕಿತ್ಸೆ. ತಪಾಸಣೆಯ ಆಜ್ಞೆ ಕೊಟ್ಟು, ಕಾಫಿ ಕುಡಿದು ಮುಗಿಸುವುದರೊಳಗೆ ಯಂತ್ರ ಎದ್ದಿತು. ಆಜ್ಞೆಗಳನ್ನು ಬರೆಯಲು ಅಳುಕುವವರಿಗೆ 'ಬೂಟ್ ರಿಪೇರ್' ಎಂಬ ತಂತ್ರಾಂಶವೂ ಇದೆ. ಪೆನ್ ಡ್ರೈವಿನಿಂದ ಎಬ್ಬಿಸಿ ಅದನ್ನು ಓಡಿಸಿದರೆ ಗ್ರಬ್ಬಿನ ಬಹುಪಾಲು ತೊಡಕುಗಳನ್ನು ಅದೇ ಬಿಡಿಸುತ್ತದೆ.

ಎದ್ದ ಮೇಲೂ ಎರಡು ಸಣ್ಣ ಕಿರುಕುಳಗಳುಂಟು. ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುವುದನ್ನು ಕಂಡಿರಬಹುದು. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಕಾಲವನ್ನು ಬರೆದಿಡುತ್ತದೆ. ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದು ಓದುತ್ತದೆ. ನಮ್ಮ ದೇಶದ ಕಾಲ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ ಈ ಅಂತರ. ಲಿನಕ್ಸಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್' ಎಂಬ ಆಜ್ಞೆಯಿಂದ ಸ್ಥಳೀಯ ಕಾಲವನ್ನೇ ಬರೆಯುವಂತೆ ಹೇಳಿದರೆ ಜಗಳ ತೀರುತ್ತದೆ. ಇನ್ನೊಂದು, ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್'. 2012ರ ವಿಂಡೋಸ್ 8ರಿಂದ ಬಂದ ಈ ಕ್ರಮದಲ್ಲಿ ಯಂತ್ರವನ್ನು ಮುಚ್ಚಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಅರೆಗಣ್ಣು ತೆರೆದೇ ಇರುತ್ತದೆ. ಆಗ ಅದರ ಭಾಗದಲ್ಲಿ ಲಿನಕ್ಸ್ ಬರೆಯಲು ಹಿಂಜರಿಯುತ್ತದೆ. ಬಲವಂತದಿಂದ ಬರೆದರೆ ಕಡತಗಳು ಕೆಡಬಹುದು. ಎರಡು ವ್ಯವಸ್ಥೆ ಇಟ್ಟುಕೊಂಡವರು ಕಂಟ್ರೋಲ್ ಪ್ಯಾನೆಲ್ಲಿನ ವಿದ್ಯುತ್ ಆಯ್ಕೆಗಳಲ್ಲಿ ಅದನ್ನು ನಿಲ್ಲಿಸಿಬಿಡುವುದು ಕ್ಷೇಮ.

ಇಷ್ಟನ್ನೂ ನೀವು ಕೈಯಾರೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಅಂಗಡಿಗೆ ಹೋಗುವುದು ತಪ್ಪಲ್ಲ. ಆದರೆ ಮಾತು ಗೊತ್ತಿದ್ದು ಹೋಗಬೇಕು. ತೆರೆಯ ಫೋಟೋ ಕೈಯಲ್ಲಿರಲಿ. ಎಲ್ಲಿ ನಿಂತಿತು ಎಂದು ಹೇಳಿ. ಪೆನ್ ಡ್ರೈವಿನಿಂದ ಎಬ್ಬಿಸಿ ಕಡತಗಳನ್ನು ಪ್ರತಿ ಮಾಡಿಕೊಡಿ ಎಂದು ಮೊದಲು ಕೇಳಿ. ಹೆಸರಿಲ್ಲದ ಭಾಗವನ್ನು ಯಾರೂ ಅಳಿಸದಿರಲಿ. ಹೆಸರು ನಮಗೆ ಕಾಣದಿದ್ದ ಮಾತ್ರಕ್ಕೆ ಅದು ಅನಾಥವಲ್ಲ. ಮಳೆಗಾಲದಲ್ಲಿ ನವೀಕರಣ ಮಾಡುವಾಗ ಬ್ಯಾಟರಿಯೋ ಯುಪಿಎಸ್ಸೋ ಜತೆಗಿರಲಿ. ಮುಖ್ಯವಾದದ್ದರ ಪ್ರತಿ ಯಂತ್ರದ ಹೊರಗೆ ಇನ್ನೊಂದಿರಲಿ, ಅದೂ ಈ ತಿಂಗಳಿನದಾಗಿರಲಿ.

ನಮ್ಮ ಮನೆಗಳ ಮಕ್ಕಳ ಚಿತ್ರಗಳು, ಹಿರಿಯರ ಧ್ವನಿಗಳು, ಲೆಕ್ಕಪತ್ರಗಳು ಇಂದು ಈ ಪೆಟ್ಟಿಗೆಗಳಲ್ಲಿ ಇವೆ. ಬಾಗಿಲು ತೆರೆಯಲಿಲ್ಲವೆಂದು ಅವನ್ನೆಲ್ಲ ಬೀದಿಗೆ ಸುರಿಯಬೇಡಿ. ಬೈಂದೂರಿನ ಆ ಅಜ್ಜಿಯ ಮಾತುಗಳನ್ನು ನಾನು ಇನ್ನು ಕೇಳಲಾರೆ. ನಿಮ್ಮ ಮನೆಯ ಅಜ್ಜಿಯ ಮಾತು ಉಳಿಯಲಿ. ಯಂತ್ರ ಏಳದ ಬೆಳಿಗ್ಗೆ ಯಾರಾದರೂ ಒಳಗೆ ಏನಾದರೂ ಉಂಟೋ ಎಂದು ಕೇಳಿದರೆ, 'ಇತ್ತು' ಎಂದು ನಿಟ್ಟುಸಿರು ಬಿಡಬೇಡಿ. ನಮ್ಮ ಊರಿನ ಮಾತಿನಲ್ಲಿ 'ಇತ್ತ್' ಎನ್ನಿ.